ಹೆಂಚಿನ ಮನೆಗೆ ಎಷ್ಟು ವ್ಯಾಟಿನ ಹೀಟರ್ ಬೇಕು?

ಮೂಡಿಗೆರೆ ಕಡೆಯ ನಮ್ಮ ಹಳೇ ಮನೆಗೆ ಅಮ್ಮನಿಗೆಂದು ಒಂದು ಆಯಿಲ್ ಹೀಟರ್ ತಂದಿದ್ದೆ. ಜುಲೈ ತಿಂಗಳ ಜಡಿಮಳೆ, ಅಮ್ಮನಿಗೆ ಮಂಡಿ ನೋವು. ಅಂಗಡಿಯಲ್ಲಿ ಕೋಣೆಯ ಉದ್ದ ಅಗಲ ಕೇಳಿ 1000 ವ್ಯಾಟಿನದು ಕೊಟ್ಟರು. ರಾತ್ರಿಯಿಡೀ ಹಾಕಿಟ್ಟರೂ ಅಮ್ಮ ಕಂಬಳಿ ಸರಿಸಲಿಲ್ಲ. ಛಾವಣಿ ಎಂಥದ್ದು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಲೆನಾಡಿನ ಮನೆಗೆ ಹೀಟರ್ ತರುವಾಗ ನೆಲಕ್ಕಿಂತ ಮೊದಲು ನೋಡಬೇಕಾದದ್ದು ತಲೆಯ ಮೇಲಿನ ಹೆಂಚನ್ನು.

ಮೊದಲು ಟೇಪು ಹಿಡಿಯಿರಿ

ಕೋಣೆಯ ಉದ್ದ, ಅಗಲ, ಎತ್ತರ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ. ಇಳಿಜಾರು ಹೆಂಚಿದ್ದರೆ ಗೋಡೆಯ ಹತ್ತಿರದ ಎತ್ತರ, ನಡುವಿನ ಎತ್ತರ ಎರಡರ ಸರಾಸರಿ ಹಿಡಿಯಿರಿ. ಬಂದ ಘನ ಅಡಿಗೆ ಒಂದೂಕಾಲು ವ್ಯಾಟಿನಂತೆ ಲೆಕ್ಕ ಹಾಕಿ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆ 1200 ಘನ ಅಡಿ. ಅದಕ್ಕೆ 1500 ವ್ಯಾಟ್. ಚದರ ಅಡಿಗೆ 10 ವ್ಯಾಟ್ ಎನ್ನುವ ಲೆಕ್ಕ ನೀವು ಕೇಳಿರಬಹುದು. ಅದು 8 ಅಡಿ ಎತ್ತರದ ಕೋಣೆಗೆ ಮಾತ್ರ ಸರಿ. ನಮ್ಮ ಹಳೇ ಮನೆಗಳ ಎತ್ತರಕ್ಕೆ ಸಾಲದು.

ಆಮೇಲೆ ತಲೆ ಎತ್ತಿ

ಇದು ಅಂದಾಜು ಅಷ್ಟೇ. ಆರ್‌ಸಿಸಿ ಮನೆಯ ನಡುಕೋಣೆಯಾಗಿದ್ದು ಎರಡು ಮೂರು ಗೋಡೆ ಒಳಗಿನವೇ ಆಗಿದ್ದರೆ ಕಾಲು ಭಾಗ ಕಳೆಯಿರಿ. ಮುಚ್ಚಿಗೆ, ಅಂದರೆ ಹೆಂಚಿನ ಕೆಳಗಿನ ಹಲಗೆಯ ಒಳಛಾವಣಿ, ಇಲ್ಲದ ಬರೀ ಹೆಂಚಾದರೆ ಮೂರನೇ ಒಂದು ಭಾಗ ಸೇರಿಸಿ. ಅಂದರೆ ಅದೇ 1500, ಇಲ್ಲಿ 2000 ಆಗುತ್ತದೆ. ಬಾಬಾಬುಡನ್‌ಗಿರಿ ಕಡೆ, ಗಾಳಿಗೆ ಮೈಯೊಡ್ಡಿ ನಿಂತ ಮನೆಯಾದರೆ ಇನ್ನೂ ಸ್ವಲ್ಪ ಜಾಸ್ತಿ ಬೇಕು.

ಹೆಂಚಿಗೆ ಇಷ್ಟೊಂದು ಯಾಕೆ? ಬಿಸಿ ಗಾಳಿ ಮೇಲಕ್ಕೇ ಹೋಗುತ್ತದೆ. ಹೆಂಚು ತೆಳು, ಅದರ ಸಂದುಗಳಲ್ಲಿ ಗಾಳಿ ಆಡುತ್ತಲೇ ಇರುತ್ತದೆ. ರಾತ್ರಿ ಒಳಗೆ ದೀಪ ಹಾಕಿ, ಅಂಗಳಕ್ಕೆ ಬಂದು ಛಾವಣಿ ನೋಡಿ. ಬೆಳಕು ಸೋರುವ ಕಡೆಯೆಲ್ಲ ನಿಮ್ಮ ಕರೆಂಟಿನ ದುಡ್ಡೂ ಸೋರುತ್ತದೆ. ಕಿಟಕಿಯ ಹತ್ತಿರ ಊದಿನಕಡ್ಡಿ ಹಿಡಿದರೆ ಅಲ್ಲಿನ ಸಂದೂ ಗೊತ್ತಾಗುತ್ತದೆ, ಹೊಗೆ ಓಲಾಡುತ್ತದೆ.

ಹಾಗಾಗಿ ದೊಡ್ಡ ಹೀಟರ್ ತರುವ ಮುಂಚೆ, ಕೈಯಲ್ಲಿ ಕಾಸಿದ್ದರೆ, ಮಲಗುವ ಒಂದು ಕೋಣೆಗಾದರೂ ಹಲಗೆ ಮುಚ್ಚಿಗೆ ಮಾಡಿಸಿ. ಹಿಂದಿನವರು ಸುಮ್ನೆ ಮಾಡಿಸುತ್ತಿರಲಿಲ್ಲ. ಬೇಗ ಆಗಬೇಕಾದರೆ ದಪ್ಪ ಪರದೆ, ಬಾಗಿಲ ಅಡಿಗೆ ಬಟ್ಟೆಯ ಸುರುಳಿ. ಆಯಿಲ್ ಹೀಟರ್ ಒಳಗೆ ಯಾವ ಇಂಧನವೂ ಉರಿಯುವುದಿಲ್ಲ, ಹೊಗೆ ಬರುವುದಿಲ್ಲ, ಹಾಗಾಗಿ ಸಂದು ಮುಚ್ಚಿದರೆ ಅಪಾಯವಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ದಯವಿಟ್ಟು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ರೆಕ್ಕೆ ಎಣಿಸಬೇಡಿ, ವ್ಯಾಟ್ ಓದಿ

ಆಯಿಲ್ ಹೀಟರಿನ ಮೈಯಲ್ಲಿ ಸಾಲಾಗಿರುವ ಲೋಹದ ರೆಕ್ಕೆಗಳೇ ಫಿನ್; 9 ಫಿನ್, 11 ಫಿನ್, 13 ಫಿನ್ ಎಂದು ಮಾರುತ್ತಾರೆ. ಶಾಖ ಎಷ್ಟು ಎಂದು ತೀರ್ಮಾನಿಸುವುದು ಫಿನ್ನುಗಳಲ್ಲ, ವ್ಯಾಟ್. ಅಷ್ಟೇ ವ್ಯಾಟಿಗೆ ಫಿನ್ ಜಾಸ್ತಿ ಇದ್ದರೆ ಶಾಖ ಅಗಲಕ್ಕೆ ಹರಡುತ್ತದೆ, ಮುಟ್ಟಿದರೆ ಅಷ್ಟು ಸುಡುವುದಿಲ್ಲ. ಮಕ್ಕಳಿರುವ ಮನೆಗೆ ಒಳ್ಳೆಯದೇ. ಒಳಗಿನ ಎಣ್ಣೆ ಖರ್ಚಾಗುವುದಿಲ್ಲ, ತುಂಬಿಸುವ ಕೆಲಸವೂ ಇಲ್ಲ.

ಮುಚ್ಚಿಗೆ ಇಲ್ಲದ ದೊಡ್ಡ ಹಜಾರಕ್ಕೆ ಮಾತ್ರ ಆಯಿಲ್ ಹೀಟರ್ ತರಬೇಡಿ ಎನ್ನುತ್ತೇನೆ. ಅಲ್ಲಿ ಗಾಳಿಯನ್ನು ಬಿಸಿ ಮಾಡಿ ಪೂರೈಸುವುದಿಲ್ಲ. ಕೆಂಪಗೆ ಹೊಳೆಯುವ ಕ್ವಾರ್ಟ್ಜ್ ರಾಡಿನ ಹೀಟರ್ ಎದುರಿಗೆ ಕೂತವರ ಮೈಯನ್ನೇ ನೇರವಾಗಿ ಕಾಯಿಸುತ್ತದೆ, ಒಲೆ ಮುಂದೆ ಕೂತ ಹಾಗೆ.

ನಿಮ್ಮ ಊರಿನ ಕರೆಂಟ್ ಹೇಗಿದೆ?

ಡಬ್ಬಿಯ ಮೇಲೆ ಬರೆದ ವ್ಯಾಟ್ ಪೂರ್ತಿ ಸಿಗುವುದು ವೋಲ್ಟೇಜ್ 230 ಇದ್ದಾಗ. ಲೈನಿನ ಕೊನೆಯ ತೋಟದ ಮನೆಗಳಲ್ಲಿ ಸಂಜೆ ಹೊತ್ತು 190ಕ್ಕೆ ಇಳಿದರೆ 2000 ವ್ಯಾಟಿನ ಹೀಟರ್ ಕೊಡುವುದು ಸುಮಾರು 1360 ವ್ಯಾಟ್ ಮಾತ್ರ. ವೋಲ್ಟೇಜ್ ಇಳಿದದ್ದಕ್ಕಿಂತ ಶಾಖ ಜಾಸ್ತಿ ಇಳಿಯುತ್ತದೆ. ಅಂಥ ಕಡೆ ಒಂದು ಮೆಟ್ಟಿಲು ಮೇಲಿನದನ್ನೇ ತನ್ನಿ. ಥರ್ಮೋಸ್ಟಾಟ್ ಇರಲೇಬೇಕು, ಬೆಚ್ಚಗಾದ ಮೇಲೆ ತಾನೇ ಆಫ್ ಆಗುತ್ತದೆ. 1500 ವ್ಯಾಟಿನದು ಬಿಡದೆ ಎರಡು ಗಂಟೆ ಉರಿದರೆ 3 ಯೂನಿಟ್.

2000 ವ್ಯಾಟ್ ಎಂದರೆ ಹತ್ತಿರ ಹತ್ತಿರ 9 ಆಂಪ್. ಅದಕ್ಕೆ 16 ಆಂಪಿನ ಪವರ್ ಪ್ಲಗ್ಗೇ ಬೇಕು. ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದರೆ ವೈರು ಕಾಯ್ದು ಕರಗಬಹುದು. ಹಳೇ ವೈರಿಂಗಿನ ಮನೆಯಾದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆಸಿ, ಅರ್ಥಿಂಗ್ ಕೂಡ ನೋಡಿಸಿ. ಮೆಸ್ಕಾಂ ಬಿಲ್ಲಿನಲ್ಲಿ ನಿಮಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ, ಓದಿಕೊಳ್ಳಿ. ಗೀಸರ್, ಹೀಟರ್ ಒಟ್ಟಿಗೆ ಹಾಕಿದರೆ 4 ಕಿಲೋವ್ಯಾಟ್ ದಾಟುವುದು ಸುಲಭ.

ಎಲ್ಲಿಡುವುದು?

ತಣ್ಣನೆ ಗಾಳಿ ಇಳಿಯುವ ಕಿಟಕಿಯ ಕೆಳಗೆ, ಪರದೆ ತಾಗದ ಹಾಗೆ. ಮಂಚದಿಂದ ಮೂರು ಅಡಿ ದೂರ. ಮಲಗುವುದಕ್ಕೆ ಅರ್ಧ ಗಂಟೆ ಮೊದಲೇ ಹಾಕಿ, ಇದು ನಿಧಾನಕ್ಕೆ ಕಾಯುತ್ತದೆ.

ಮಳೆಗಾಲದಲ್ಲಿ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ ಅಲ್ವಾ, ಕೈ ತಾನಾಗಿ ಹೀಟರ್ ಕಡೆ ಹೋಗುತ್ತದೆ. ಅದರ ಮೇಲೆ ಹರವಬೇಡಿ, ಬೆಂಕಿ ಹತ್ತಬಹುದು. ಅಮ್ಮನ ಕೋಣೆಯಲ್ಲಿ ಈಗ ಮುಚ್ಚಿಗೆ ಇದೆ, 1500ರ ಹೀಟರ್ ಇದೆ, ಬಟ್ಟೆಗೆ ಎದುರು ಗೋಡೆಯಲ್ಲಿ ಬೇರೆ ಹಗ್ಗ ಕಟ್ಟಿದ್ದೇವೆ.