ಬೂಷ್ಟು ಹಿಡಿದ ಕ್ಯಾಸೆಟ್ಟಿನಿಂದ ‘ಪ್ರೇಮಲೋಕ’ ಹೊರತೆಗೆದದ್ದು

ಕೊಡಗಿನಲ್ಲಿ ಹಳೇ ಕ್ಯಾಸೆಟ್ಟು ಇಟ್ಟುಕೊಂಡವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಬ್ಬ ತೆರೆದ ಕೂಡಲೇ ಕ್ಯಾಸೆಟ್ಟನ್ನು ಪ್ಲೇಯರಿಗೆ ಹಾಕಬೇಡಿ. ಮೊದಲು ಬೆಳಕಿಗೆ ಹಿಡಿದು ಅದರ ಕಿಟಕಿಯೊಳಗೆ ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಧೂಳಲ್ಲ, ಬೂಷ್ಟು. ನಮ್ಮ ಮಳೆಗಾಲದಲ್ಲಿ ಚರ್ಮದ ಬೆಲ್ಟು, ಶೂ, ಮದುವೆ ಆಲ್ಬಮ್ಮು ಯಾವುದೂ ಬಚಾವಾಗುವುದಿಲ್ಲ, ಟೇಪು ಹೇಗೆ ಉಳಿದೀತು? ಬೂಷ್ಟು ಹಿಡಿದದ್ದನ್ನು ಹಾಗೇ ಓಡಿಸಿದರೆ ಪ್ಲೇಯರಿನೊಳಗೆ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಹಾಕುವ ಒಳ್ಳೇ ಕ್ಯಾಸೆಟ್ಟಿಗೂ ಹರಡುತ್ತದೆ.

ನನಗೆ ಬೇಕಾಗಿದ್ದದ್ದು ಒಂದೇ ಹಾಡು. ‘ಪ್ರೇಮಲೋಕ’ದ ‘ಇದು ನನ್ನ ನಿನ್ನ ಪ್ರೇಮಗೀತೆ’. ಎಸ್‌ಪಿಬಿ, ಜಾನಕಿ ಹಾಡಿದ್ದು. ಯೂಟ್ಯೂಬಿನಲ್ಲಿ ಇದೆಯಲ್ಲ, ಅದಕ್ಕೆ ಯಾಕೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೀರಿ ಎಂದು ಮನೆಯವಳು ಕೇಳಿದಳು. ಇದೆ, ನಿಜ. ಆದರೆ ಅದು ನಮ್ಮ ಮನೆಯ ಹಾಡಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿನಿಮಾ ಬಂದದ್ದು 1987ರಲ್ಲಿ. ರವಿಚಂದ್ರನ್ ನಿರ್ದೇಶನ, ಅವರೇ ಹೀರೋ, ಜೊತೆಗೆ ಜೂಹಿ ಚಾವ್ಲಾ. ಹಂಸಲೇಖ ಸಂಗೀತವನ್ನೂ ಕೊಟ್ಟರು, ಹಾಡುಗಳನ್ನೂ ಬರೆದರು. ಕಾಲೇಜು ಹುಡುಗ ಹುಡುಗಿಯರು ದಿನಾ ಆಡುವ ಮಾತೇ ಹಾಡಾಗಿತ್ತು, ಹಿಂದೆ ಕೀಬೋರ್ಡು, ಡ್ರಮ್ಮು. ಅಲ್ಲಿವರೆಗೆ ನಮ್ಮ ಮನೆಯಲ್ಲಿ ರೇಡಿಯೋ ಹಾಕಿದರೆ ಒಂದು ಕಡೆ ಮಂಗಳೂರು, ಸ್ವಲ್ಪ ತಿರುಗಿಸಿದರೆ ಕೋಝಿಕ್ಕೋಡಿನ ಮಲಯಾಳ. ಮಡಿಕೇರಿಗೆ ಆಕಾಶವಾಣಿ ಬಂದದ್ದು 1990ರ ದಶಕದಲ್ಲಿ. ಹಾಗಾಗಿ ಬೇಕಾದ ಹಾಡನ್ನು ಬೇಕಾದಾಗ ಕೇಳಬೇಕು ಅಂದರೆ ಕ್ಯಾಸೆಟ್ಟೇ ಗತಿ.

ಅಂಗಡಿಯಿಂದ ಲಹರಿ ಕಂಪನಿಯ ಕ್ಯಾಸೆಟ್ಟನ್ನೇ ತರುವಷ್ಟು ಉದಾರಿಗಳು ನಮ್ಮ ಮನೆಯಲ್ಲಿ ಇರಲಿಲ್ಲ. ಗೋಣಿಕೊಪ್ಪದಲ್ಲಿ ಒಂದು ರೆಕಾರ್ಡಿಂಗ್ ಅಂಗಡಿ ಇತ್ತು. ಖಾಲಿ ಕ್ಯಾಸೆಟ್ಟು ಕೊಟ್ಟು, ಒಂದು ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟು ಬಂದರೆ ಮುಂದಿನ ಸಂತೆಗೆ ತುಂಬಿಸಿ ಇಟ್ಟಿರುತ್ತಿದ್ದರು. ಚಿಕ್ಕಪ್ಪ ಮಿಲಿಟರಿಯಲ್ಲಿದ್ದರು, ರಜೆಗೆ ಬರುವಾಗ ಮಿಲಿಟರಿ ಕ್ಯಾಂಟೀನಿನಿಂದ ರೇಡಿಯೋ, ಕ್ಯಾಸೆಟ್ ಪ್ಲೇಯರ್ ಎರಡೂ ಇರುವ ಒಂದು ಟೂ-ಇನ್-ಒನ್ ತಂದಿದ್ದರು. ಪಟ್ಟಿ ಬರೆದದ್ದೂ ಅವರೇ. 60 ನಿಮಿಷದ ಕ್ಯಾಸೆಟ್ಟು, ಒಂದೊಂದು ಕಡೆ 30 ನಿಮಿಷ. ಚಿಕ್ಕಪ್ಪ ಲೆಕ್ಕ ಹಾಕದೆ ಆಸೆಪಟ್ಟದ್ದನ್ನೆಲ್ಲ ಬರೆದಿದ್ದರು, ಅಂಗಡಿಯವರು ಬರೆದದ್ದನ್ನೆಲ್ಲ ತುಂಬಿಸಿದ್ದರು. ಎ ಸೈಡಿನ ಕೊನೆಗೆ ಬಂದದ್ದು ಈ ಹಾಡು. ಅದು ಮುಗಿಯುವ ಮೊದಲೇ ಟೇಪು ಮುಗಿಯಿತು. ಟಕ್.

ಆ ಟಕ್ ಆಮೇಲೆ ಹಾಡಿನದೇ ಭಾಗವಾಯಿತು. ಕಾಫಿ ಕುಯ್ಲಿನ ಹೊತ್ತಿಗೆ ಟೂ-ಇನ್-ಒನ್ ಅನ್ನು ಕಣದ ಮೂಲೆಯಲ್ಲಿ ಸ್ಟೂಲಿನ ಮೇಲೆ ಇಡುತ್ತಿದ್ದರು. ಚೆರಿ ಕಾಫಿ ತಿರುವಿ ಹಾಕುವವರು, ತೋಟದ ಕೆಲಸದವರ ಲೈನ್ ಮನೆಯ ಮಕ್ಕಳು, ನಾವು, ಎಲ್ಲರೂ ಅಲ್ಲೇ. ಎಲ್ಲರಿಗೂ ಹಾಡು ಬಾಯಿಪಾಠ, ಆ ಟಕ್ಕಿನ ತನಕ ಮಾತ್ರ. ಎಷ್ಟೋ ವರ್ಷ ಆದಮೇಲೆ ಒಂದು ಮದುವೆಯಲ್ಲಿ ಆರ್ಕೆಸ್ಟ್ರಾದವರು ಈ ಹಾಡು ಎತ್ತಿಕೊಂಡರು. ನಮ್ಮ ಕಸಿನ್ಸ್ ಎಲ್ಲ ಜೋರಾಗಿ ಜೊತೆಗೂಡಿದರು, ಸರಿಯಾಗಿ ಆ ಜಾಗಕ್ಕೆ ಬಂದು ಒಟ್ಟಿಗೆ ನಿಲ್ಲಿಸಿದರು. ಆರ್ಕೆಸ್ಟ್ರಾದವರಿಗೆ ಏನಾಯಿತು ಅಂತ ಗೊತ್ತೇ ಆಗಲಿಲ್ಲ, ಪಾಪ.

ಈಗ ಕೆಲಸದ ವಿಷಯ.

ಕ್ಯಾಸೆಟ್ಟು ಸಿಕ್ಕಿದ್ದು ಅಟ್ಟದ ಟ್ರಂಕಿನಲ್ಲಿ. ಬೂಷ್ಟು ಇತ್ತು, ಪುಣ್ಯಕ್ಕೆ ಜಾಸ್ತಿ ಅಲ್ಲ. ಮೊದಲು ಅದನ್ನು ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು ಚೆನ್ನಾಗಿ ಒಣಗಲು ಬಿಟ್ಟೆ. ಹಸಿ ಇರುವಾಗ ಒರೆಸಲು ಹೋದರೆ ಬೂಷ್ಟು ಟೇಪಿಗೇ ಉಜ್ಜಿಕೊಳ್ಳುತ್ತದೆ. ಬಿಸಿಲಿಗೆ ಇಡಬೇಡಿ, ಟೇಪು ಸೊಟ್ಟಗಾಗುತ್ತದೆ. ಮಳೆ ಸುರಿಯುವ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಈ ಕೆಲಸಕ್ಕೆ ಕೈ ಹಾಕಲೇಬೇಡಿ, ನಾನು ಜನವರಿಯ ಒಣ ಹವೆಗೆ ಕಾದೆ. ಬೂಷ್ಟು ಬಿಡಿಸುವಾಗ ಮಾಸ್ಕ್ ಹಾಕಿಕೊಳ್ಳಿ, ಮನೆಯ ಹೊರಗೆ ಕೂತುಕೊಳ್ಳಿ.

ಆಮೇಲೆ ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿದೆ. ಕೆಲವು ಕ್ಯಾಸೆಟ್ಟಿಗೆ ಸ್ಕ್ರೂ ಇರುವುದಿಲ್ಲ, ಅಂಟಿಸಿಯೇ ಬಿಟ್ಟಿರುತ್ತಾರೆ, ಅದನ್ನು ಬ್ಲೇಡಿನಿಂದ ಬಿಡಿಸಬೇಕು, ಚಿಪ್ಪು ಒಡೆದರೂ ಪರವಾಗಿಲ್ಲ. ಒಳಗೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಒಂದು ಚಿಕ್ಕ ಉಣ್ಣೆ ತುಂಡು ಇರುತ್ತದೆ, ತಾಮ್ರದ ಪಟ್ಟಿಯ ಮೇಲೆ. ನನ್ನದರಲ್ಲಿ ಅಂಟು ಸತ್ತು ಅದು ಬಿದ್ದುಹೋಗಿತ್ತು. ಅದಿಲ್ಲದಿದ್ದರೆ ಸೌಂಡು ಬರುತ್ತದೆ ಹೋಗುತ್ತದೆ. ಹಾಗಾಗಿ ಎರಡೂ ಸುರುಳಿಗಳನ್ನು ಎತ್ತಿ, ಒಂದು ಒಳ್ಳೇ ಸ್ಥಿತಿಯ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಿದೆ. ಭಜನೆಯ ಕ್ಯಾಸೆಟ್ಟು ಒಂದು ಬಲಿಯಾಯಿತು. ಅವ್ವನಿಗೆ ಇನ್ನೂ ಹೇಳಿಲ್ಲ.

ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ. ಕೈಬೆರಳಿನ ಎಣ್ಣೆ ತಾಗಬಾರದು. ನಟರಾಜ್ ಪೆನ್ಸಿಲ್ ತೂರಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಸುತ್ತುತ್ತಾ, ನೂಲು ಬಿಡದ ಒಣ ಬಟ್ಟೆಯ ನಡುವೆ ಟೇಪನ್ನು ಹಾಯಿಸಿದೆ. ಬಟ್ಟೆ ಕೊಳೆಯಾದ ಹಾಗೆ ಜಾಗ ಬದಲಾಯಿಸುತ್ತಾ ಹೋಗಬೇಕು. ಬೇಜಾರಿನ ಕೆಲಸ, ಕತ್ತು ನೋವು. ಮೊಬೈಲಿನಲ್ಲಿ ಏನಾದರೂ ಕೇಳುತ್ತಾ ಮಾಡಿ.

ಟೂ-ಇನ್-ಒನ್ ಕತೆ ಬೇರೆ. ಅದರ ರಬ್ಬರ್ ಬೆಲ್ಟು ಬೆಲ್ಲದ ಪಾಕದ ಹಾಗೆ ಕರಗಿ ಗಾಲಿಗೆಲ್ಲ ಅಂಟಿಕೊಂಡಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಾಕಿ ಉಜ್ಜಿ ತೆಗೆದು, ಹೊಸ ಬೆಲ್ಟು ತರಿಸಿ ಹಾಕಿದೆ. ಅದೇ ಆಲ್ಕೋಹಾಲನ್ನು ಬೇರೆ ಹತ್ತಿಗೆ ಹಾಕಿ ಹೆಡ್ಡನ್ನೂ ಒರೆಸಿದೆ. ಓಡಿತು. ಆದರೆ ಸೌಂಡು ಮಂಕಾಗಿತ್ತು, ಜಾನಕಿಯಮ್ಮನ ಸ್ವರ ಮುಸುಕು ಹಾಕಿಕೊಂಡಿತ್ತು. ಇದಕ್ಕೆ ಮದ್ದು ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ. ರೆಕಾರ್ಡ್ ಮಾಡಿದ ಮಿಷನ್ನಿನ ಹೆಡ್ಡು ಎಷ್ಟು ವಾಲಿತ್ತೋ ನಮ್ಮದೂ ಅಷ್ಟೇ ವಾಲಬೇಕು, ಇಲ್ಲದಿದ್ದರೆ ತೀಕ್ಷ್ಣ ಸ್ವರಗಳೆಲ್ಲ ಸಾಯುತ್ತವೆ. ಹಾಡು ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಒಂದು ಕಡೆ ಡ್ರಮ್ಮಿನ ಜೊತೆಯ ತಾಳ, ಸಿಂಬಲ್, ಛಳ್ ಅಂತ ತೆರೆದುಕೊಂಡಿತು ನೋಡಿ, ಅಲ್ಲಿಗೆ ಕೈ ಬಿಟ್ಟೆ. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಕ್ಷಣ ಅದು.

ಹೆಡ್‌ಫೋನ್ ತೂತಿನಿಂದ ವೈರು ತೆಗೆದು ಒಂದು ಯುಎಸ್‌ಬಿ ಸೌಂಡ್ ಕಾರ್ಡಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಲ್ಯಾಪ್‌ಟಾಪಿನ ಮೈಕ್ ತೂತಿಗೇ ಚುಚ್ಚಿದರೆ ಸಾಮಾನ್ಯವಾಗಿ ಒಡೆದ ಸೌಂಡು ಬರುತ್ತದೆ. ಸಾಫ್ಟ್‌ವೇರು ಆಡಾಸಿಟಿ, ಬಿಟ್ಟಿ ಸಿಗುತ್ತದೆ. ಜೋರಾದ ಜಾಗದಲ್ಲೂ ಮೀಟರು ಮೈನಸ್ 6 ಡೆಸಿಬಲ್ ದಾಟದ ಹಾಗೆ ನೋಡಿಕೊಂಡೆ. ಮೊದಲು ಸೌಂಡಿನಲ್ಲಿ ಏನೂ ಕಳೆಯದ ಡಬ್ಲ್ಯೂಎವಿ ಫೈಲಾಗಿ ಇಡಿ, ಎಂಪಿ3 ಆಮೇಲೆ.

ಹಾಡು ಶುರುವಾಗುವ ಮೊದಲು ಅದೇ ಹಾಡು ಬಹಳ ಸಣ್ಣಗೆ ಕೇಳಿಸುತ್ತಿತ್ತು. ದೆವ್ವ ಅಲ್ಲ. ವರ್ಷಗಟ್ಟಲೆ ಬಿಗಿಯಾಗಿ ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತಶಕ್ತಿ ಪಕ್ಕದ ಸುತ್ತಿನ ಮೇಲೂ ಅಚ್ಚಾಗುತ್ತದೆ. ಅದನ್ನು ನಾನು ತೆಗೆಯಲಿಲ್ಲ.

ತಲೆನೋವು ತಂದದ್ದು ಸ್ಪೀಡು. ನಮ್ಮ ಕ್ಯಾಸೆಟ್ಟಿನ ಹಾಡು ಅಸಲಿಗಿಂತ ಚುರುಕು, ಸ್ವರವೂ ಸ್ವಲ್ಪ ಮೇಲೆ. ಮೊದಲು ಹೊಸ ಬೆಲ್ಟಿನದೇ ತಪ್ಪು ಅಂದುಕೊಂಡೆ. ಕಂಪನಿಯ ಕ್ಯಾಸೆಟ್ಟೊಂದನ್ನು ಹಾಕಿ ನೋಡಿದರೆ ಅದು ಸರಿಯಾಗಿ ಓಡಿತು. ಅಂದರೆ ರೆಕಾರ್ಡಿಂಗ್ ಅಂಗಡಿಯ ಮಿಷನ್ನು ನಿಧಾನವಾಗಿ ಓಡಿ ರೆಕಾರ್ಡ್ ಮಾಡಿತ್ತು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು, ನಿಧಾನದಲ್ಲಿ ತುಂಬಿಸಿದ್ದು ಸರಿಯಾದ ಮಿಷನ್ನಿನಲ್ಲಿ ಓಡಿಸಿದಾಗ ಜೋರಾಗಿ ಓಡುತ್ತದೆ. ಎಷ್ಟು ಅಂತ ತಿಳಿಯಲು ಸುಲಭ ಉಪಾಯ ಇದೆ. ಪಲ್ಲವಿಯ ಮೊದಲ ಅಕ್ಷರದಿಂದ ಚರಣದ ಮೊದಲ ಅಕ್ಷರದ ತನಕ ಅಸಲಿ ಹಾಡು, ನಮ್ಮ ಕ್ಯಾಸೆಟ್ಟು ಎರಡರಲ್ಲೂ ಎಷ್ಟು ಸೆಕೆಂಡು ಅಂತ ಅಳೆದು ಭಾಗಿಸಿ. ನನ್ನದರಲ್ಲಿ ಸುಮಾರು 4% ವ್ಯತ್ಯಾಸ ಬಂತು. 6% ಆಗಿದ್ದರೆ ಹತ್ತಿರ ಹತ್ತಿರ ಅರ್ಧ ಸ್ವರವೇ ಮೇಲೇರುತ್ತಿತ್ತು. ಆಡಾಸಿಟಿಯಲ್ಲಿ ಸ್ಪೀಡ್ ಬದಲಿಸಿದರೆ ಸ್ವರವೂ ಜೊತೆಗೇ ಸರಿಯಾಗುತ್ತದೆ.

ಸರಿ ಮಾಡಿದೆ. ಕೇಳಿದೆ. ಪಕ್ಕಾ ಇತ್ತು, ಆದರೆ ನನಗೆ ನಿದ್ದೆ ಬಂತು. ನಮ್ಮ ಕಿವಿಗೆ ಕೂತಿರುವುದು ಆ ಚುರುಕು ಹಾಡು. ಅದೂ ಮಳೆಗಾಲದಲ್ಲಿ ಕರೆಂಟು ಹೋಗಿ ಸೆಲ್ಲಿನಲ್ಲಿ ಓಡಿಸಿದಾಗ ಕತೆಯೇ ಬೇರೆ, ಸೆಲ್ಲು ಸೋತ ಹಾಗೆ ಎಸ್‌ಪಿಬಿ ದಪ್ಪ ಸ್ವರದಲ್ಲಿ ಎಳೆಯುತ್ತಾ ಎಳೆಯುತ್ತಾ ನಿಂತುಬಿಡುತ್ತಿದ್ದರು, ಚಿಕ್ಕಪ್ಪ ಸೆಲ್ಲು ತೆಗೆದು ಒಲೆಯಿಂದ ಸ್ವಲ್ಪ ದೂರದಲ್ಲಿ ಬೆಚ್ಚಗೆ ಇಟ್ಟು ಮತ್ತೆ ಹಾಕಿದರೆ ಇನ್ನೊಂದು ಹಾಡಿಗೆ ಜೀವ ಬರುತ್ತಿತ್ತು. ಹೀಗೆ ಕೇಳಿ ಬೆಳೆದವನಿಗೆ ಸರಿಯಾದ ಸ್ಪೀಡ್ ಅಂತ ಯಾವುದನ್ನು ಹೇಳುವುದು? ಎರಡು ಫೈಲು ಮಾಡಿಟ್ಟೆ. ತಿದ್ದಿದ್ದು ಒಂದು, ಕ್ಯಾಸೆಟ್ಟಿನಲ್ಲಿ ಇದ್ದ ಹಾಗೇ ಒಂದು. ಗುಂಯ್ ಅನ್ನುವ ಶಬ್ದ ತೆಗೆಯುವ ಆಯ್ಕೆಯನ್ನು ಒಮ್ಮೆ ಒತ್ತಿ ನೋಡಿ ಹಿಂದಕ್ಕೆ ತಂದೆ. ಶಬ್ದದ ಜೊತೆ ಹಾಡಿನ ಜೀವವೂ ಹೋಗಿತ್ತು. ಈ ಶಬ್ದ ತೆಗೆಯುವ ಹುಚ್ಚು ಜಾಸ್ತಿಯಾದರೆ ಒಳ್ಳೆಯದಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬಿ ಸೈಡಿನಲ್ಲಿ ಒಂದು ಕಡೆ ಹಾಡು ನಿಂತು ಕೋಳಿ ಕೂಗು, ಜೀಪು ಸ್ಟಾರ್ಟ್ ಆಗದ ಸದ್ದು, ಅಪ್ಪ ನಾಯಿಗೆ ಬಯ್ಯುವುದು ಬರುತ್ತದೆ. ಯಾರೋ ಮಕ್ಕಳು ರೆಕಾರ್ಡಿನ ಕೆಂಪು ಗುಂಡಿ ಒತ್ತಿದ್ದಾರೆ. ಕ್ಯಾಸೆಟ್ಟಿನ ಬೆನ್ನಿನ ಎರಡು ಸಣ್ಣ ಪ್ಲಾಸ್ಟಿಕ್ ಚಕ್ಕೆ ಮುರಿದಿಟ್ಟಿದ್ದರೆ ಆ ಗುಂಡಿ ಕೂರುತ್ತಲೇ ಇರಲಿಲ್ಲ, ಇದು ಆಗುತ್ತಿರಲಿಲ್ಲ. ಮುರಿಯದ್ದು ಒಳ್ಳೆಯದಾಯಿತು. ಅದನ್ನು ಬೇರೆ ಫೈಲಾಗಿ ಕತ್ತರಿಸಿ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹಾಡಿಗಿಂತ ಅದಕ್ಕೇ ಜಾಸ್ತಿ ಮೆಸೇಜು ಬಂತು, ಜೀಪಿನ ನಂಬರು ಯಾವುದು ಅಂತ ಸಂಜೆವರೆಗೂ ಜಗಳ.

ಚಿಕ್ಕಪ್ಪನ ಮಗ ಮಾತ್ರ ಬೆನ್ನು ಬಿಡುತ್ತಿಲ್ಲ. ಉಳಿದ ತುಂಡನ್ನು ಯೂಟ್ಯೂಬಿನಿಂದ ತೆಗೆದು ಸೇರಿಸಿ ಹಾಡು ಪೂರ್ತಿ ಮಾಡಿಕೊಡು ಅನ್ನುತ್ತಾನೆ. ಆಗುವುದಿಲ್ಲ ಅಂದೆ. ಸ್ಪೀಡು ಬೇರೆ, ಸ್ವರ ಬೇರೆ, ಸೇರಿಸಿದ ಜಾಗ ಎದ್ದು ಕಾಣುತ್ತದೆ. ಅವನಿಗೆ ಅಷ್ಟು ಬೇಕಾದರೆ ಅವನೇ ಸೇರಿಸಿಕೊಳ್ಳಲಿ, ಡಬ್ಲ್ಯೂಎವಿ ಫೈಲು ಕಳಿಸಿದ್ದೇನೆ.