ರನ್ನ, ಪೊನ್ನ, ಜನ್ನ: ನಾಡಗೀತೆ ಬಿಡಿಸಿದ ನನ್ನ ಅನುಭವ

ನಾಡಗೀತೆಯನ್ನು ಇತಿಹಾಸ ಹಿಡಿದು ಬಿಡಿಸ್ತೀನಿ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕಿದ್ದರು. ‘ಹೆಸರಿನ ಪಟ್ಟಿ ಮಾರಾಯ್ರೆ, ಬಿಡಿಸೋಕೆ ಏನಿದೆ?’ ಹಾಗಂದವರೇ ಈ ವರ್ಷ ನನ್ನ ನೋಟ್ಸ್ ಕೇಳಿಕೊಂಡು ಬಂದರು. ಅದಕ್ಕೇ ಈ ಬರಹ.

ಮೊದಲ ಸಲ ನೆಲ ಕಚ್ಚಿದೆ. ‘ರನ್ನ ಷಡಕ್ಷರಿ ಪೊನ್ನ, ಪಂಪ ಲಕುಮಿಪತಿ ಜನ್ನ’ ಸಾಲಿನ ಕವಿಗಳನ್ನು ಇಸವಿ ಪ್ರಕಾರ ನಿಲ್ಲಿಸಿ ಹತ್ತಡಿ ಫ್ಲೆಕ್ಸ್ ಮಾಡಿಸಿದೆ. ಸಾವಿರದ ಎಂಟುನೂರೋ ಏನೋ ಆಯಿತು, ನನ್ನ ಜೇಬಿಂದಲೇ. 941ರ ಪಂಪ ಈ ತುದಿ, 17ನೇ ಶತಮಾನದ ಷಡಕ್ಷರಿ ಆ ತುದಿ. ಲಕುಮಿಪತಿ ಅಂದರೆ ಲಕ್ಷ್ಮೀಶ, ಅವನ ಕಾಲದ ಬಗ್ಗೆ ವಿದ್ವಾಂಸರಲ್ಲೇ ಜಗಳ, ಅವನನ್ನು ಎಲ್ಲಿ ನಿಲ್ಲಿಸೋದು? ಜೊತೆಗೆ ಗೋಡೆ ಮೇಲೆ ಒಂದು ಕ್ರಮ, ಹಾಡಿನಲ್ಲಿ ಇನ್ನೊಂದು. ಪ್ರಾರ್ಥನೆ ವೇಳೆ ಮಕ್ಕಳು ಹಾಡನ್ನೇ ತಪ್ಪತೊಡಗಿದರು. ಆಮೇಲೆ ಹೆಸರಿಗೊಂದು ಕಥೆ ಹೇಳಿ ನೋಡಿದೆ. ಹತ್ತು ಹನ್ನೆರಡು ಪೀರಿಯಡ್ ನುಂಗಿತು, ಪೋರ್ಷನ್ ಹಿಂದೆ ಬಿತ್ತು, ಬೈಸಿಕೊಂಡೆ.

ಮೂರನೇ ಸಲ ಇಸವಿ ಬಿಟ್ಟು ಕಿವಿಗೆ ಕೆಲಸ ಕೊಟ್ಟೆ. ಸಾಲಿನಲ್ಲಿ ‘ನ್ನ’ ಅಂತ ಮುಗಿಯೋ ಹೆಸರು ಮೂರೇ. ರನ್ನ, ಪೊನ್ನ, ಜನ್ನ. ಮೂವರೂ ಕವಿಚಕ್ರವರ್ತಿಗಳು! ಬಿರುದು ಕೊಟ್ಟವರು ಯಾರು? ರನ್ನನಿಗೆ ಚಾಲುಕ್ಯ ತೈಲಪ, ಜನ್ನನಿಗೆ ಹೊಯ್ಸಳ ವೀರಬಲ್ಲಾಳ. ಈಗ ಹಾಡಿನಲ್ಲಿ ಸ್ವಲ್ಪ ಮುಂದೆ ಹೋಗಿ. ‘ತೈಲಪ ಹೊಯ್ಸಳರಾಳಿದ ನಾಡೇ.’ ಕವಿಗಳ ಸಾಲಿನ ಮೊದಲಿಗ, ಕೊನೆಯವ, ಇಬ್ಬರ ಒಡೆಯರೂ ಅಲ್ಲಿದ್ದಾರೆ.

‘ಪೊನ್ನನ ರಾಜ ಎಲ್ಲಿ ಸಾರ್?’ ಅಂದಳು ಹಿಂದಿನ ಬೆಂಚಿನ ಹುಡುಗಿ. ಅವನು ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಹಾಡಿನಲ್ಲಿ ಇಲ್ಲ. 973ರಲ್ಲಿ ಆ ವಂಶದ ಆಳ್ವಿಕೆ ಮುಗಿಸಿದವನು ಇದೇ ತೈಲಪ. ಕ್ಲಾಸ್ ಗಪ್‌ಚುಪ್. ಕುವೆಂಪು ಇದನ್ನೆಲ್ಲ ಬೇಕಂತಲೇ ಇಟ್ಟರು ಅಂತ ನಾನು ಹೇಳಲ್ಲ, ಪ್ರಾಸಕ್ಕೆ ಸುಮ್ನೆ ಬಿದ್ದಿರಬಹುದು. ಆದರೆ ಆ ಮೂವರನ್ನು ಮಕ್ಕಳೇ ಹೆಕ್ಕಿ ತೆಗೆಯೋ ಹಾಗೆ ನಾನು ಮೊದಲು ಕೇಳೋ ಪ್ರಶ್ನೆ ಒಂದಿದೆ. ಅದು ನನ್ನ ಹತ್ರಾನೇ ಇರಲಿ.

ಶಿಲ್ಪಿಗಳಾದ ‘ಡಂಕಣ ಜಕಣ’ರ ಸಾಲಿಗಾಗಿ ಬೇಲೂರಿಗೂ ಹೋದೆವು. ವ್ಯಾನಿಗೆ ಸುಮಾರು ಒಂಬತ್ತು ಸಾವಿರ, ಅರ್ಧ ನಂದು. ಜಕಣನ ಹೆಸರು ಹುಡುಕಿ ಹುಡುಕಿ ಮಕ್ಕಳ ಕುತ್ತಿಗೆ ನೋವು ಬಂತು. ನಮಗೆ ಸಿಕ್ಕಿದ್ದು ಬಳ್ಳಿಗಾವೆಯ ದಾಸೋಜ. ಮದನಿಕೆ ಶಿಲ್ಪದ ಕಾಲಡಿಯ ಪಟ್ಟಿಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ‘ಸೋ’ ಗುರುತು ಹಿಡಿಯೋಕೆ ಐದು ನಿಮಿಷ ಬೇಕಾಯಿತು. ಜಕಣಾಚಾರಿ ದಂತಕಥೆ, ದಾಸೋಜ ಸಹಿ ಹಾಕಿದ ಮನುಷ್ಯ. ಆ ವ್ಯತ್ಯಾಸ ನಾನು ಬಾಯಲ್ಲಿ ಹೇಳಿದ್ದರೆ ಯಾರ ತಲೆಗೂ ಹೋಗುತ್ತಿರಲಿಲ್ಲ, ಅಲ್ವಾ?

ಫ್ಲೆಕ್ಸ್ ಈಗ ಹಿತ್ತಲಿನ ಸೌದೆ ರಾಶಿ ಮೇಲಿದೆ. ಷಡಕ್ಷರಿ ಇರೋ ತುದಿ ಹರಿದಿದೆ, ಅಲ್ಲಿ ಮಾತ್ರ ಸೋರುತ್ತೆ.