ಕಾರಿನ ಡೆಕ್ಕಿಗೆ ಬೂಷ್ಟು ಹಿಡಿದಾಗ
ಕ್ಯಾಸೆಟ್, ಸಿಡಿ ಪ್ಲೇಯರ್ ಕೈಕೊಟ್ಟರೆ ಎಲ್ಲಿಂದ ಶುರು ಮಾಡಬೇಕು?

ಮಂಗಳೂರು, ಉಡುಪಿ ಕಡೆಯ ಹಳೆ ಕಾರುಗಳಲ್ಲಿ ಇನ್ನೂ ಕ್ಯಾಸೆಟ್ ಡೆಕ್ ಉಳಿದಿದ್ದರೆ ಅದು ಹೆಚ್ಚಾಗಿ ಮನೆಯಲ್ಲಿರುವ ತಾಳಮದ್ದಳೆ, ತುಳು ನಾಟಕ, ಭಜನೆಯ ಕ್ಯಾಸೆಟ್‌ಗಳ ಪುಣ್ಯ. ಡೆಕ್ ನಿಂತರೆ ‘ಹಳತಾಯ್ತು, ತೆಗೆದು ಬಿಸಾಡಿ’ ಎನ್ನುವವರೇ ಜಾಸ್ತಿ. ನಮ್ಮ ಕಡೆ ಅದನ್ನು ಕೆಡಿಸುವುದು ವಯಸ್ಸಿಗಿಂತ ಹೆಚ್ಚಾಗಿ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಲ್ಲಿ ಮುಚ್ಚಿಟ್ಟ ಕಾರಿನೊಳಗಿನ ರಬ್ಬರ್, ರೀಲು, ಲೆನ್ಸು ಸುಮ್ಮನಿರುತ್ತವೆಯೇ?

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ರೇಡಿಯೋ ಹಾಕಿ. ಅದು ಸರಿಯಾಗಿ ಕೇಳಿಸಿದರೆ ಸ್ಪೀಕರ್, ಆಂಪ್ಲಿಫೈಯರ್, ವೈರಿಂಗ್ ಮೂರೂ ಸರಿ ಇವೆ. ತೊಂದರೆ ಇರುವುದು ಡೆಕ್‌ನಲ್ಲಿ, ಇಲ್ಲವೇ ಕ್ಯಾಸೆಟ್‌ನಲ್ಲಿ. ಆಮೇಲೆ ಚೆನ್ನಾಗಿದೆ ಎಂದು ಗೊತ್ತಿರುವ ಬೇರೊಂದು ಕ್ಯಾಸೆಟ್ ಹಾಕಿ. ಅದು ಸ್ಪಷ್ಟವಾಗಿ ನುಡಿದರೆ ಡೆಕ್‌ನ ತಪ್ಪೂ ಇಲ್ಲ. ಕ್ಯಾಸೆಟ್‌ನ ಬಾಯಿಯ ನಡುವೆ, ರೀಲಿನ ಹಿಂದೆ ಸಣ್ಣ ಫೆಲ್ಟ್ ಪ್ಯಾಡ್ ಇರುತ್ತದೆ. ರೀಲಿನಿಂದ ಧ್ವನಿ ಓದುವ ಹೆಡ್‌ಗೆ ರೀಲನ್ನು ಒತ್ತಿ ಹಿಡಿಯುವುದು ಅದೇ. ಅದರ ಅಂಟು ಬಿಟ್ಟು ಬಿದ್ದರೆ ಚೆಂಡೆ, ಜಾಗಟೆಯ ತೀಕ್ಷ್ಣತೆಯೆಲ್ಲ ಹೋಗಿ ಕಂಬಳಿ ಹೊದ್ದು ಹಾಡಿದಂತೆ ಕೇಳಿಸುತ್ತದೆ. ಹಾಳಾದ ಬೇರೊಂದು ಕ್ಯಾಸೆಟ್‌ನ ಪ್ಯಾಡ್ ತೆಗೆದು ಇದಕ್ಕೆ ಅಂಟಿಸಿದರೆ ಸಾಕು.

ಎಲ್ಲ ಕ್ಯಾಸೆಟ್‌ಗಳೂ ಮಂಕಾಗಿ ಕೇಳಿಸಿದರೆ ಹೆಚ್ಚಾಗಿ ಹೆಡ್ ಕೊಳೆಯಾಗಿರುತ್ತದೆ. ರೀಲಿನಿಂದ ಉದುರುವ ಕಂದು ಪುಡಿ ಹೆಡ್, ರೀಲನ್ನು ಓಡಿಸುವ ಕ್ಯಾಪ್‌ಸ್ಟನ್ ಕಡ್ಡಿ, ಅದಕ್ಕೆ ಒತ್ತುವ ಪಿಂಚ್ ರೋಲರ್ ಮೂರರ ಮೇಲೂ ಕೂರುತ್ತದೆ. ಕಾರಿನ ಡೆಕ್‌ನೊಳಗೆ ಕೈ ಹೋಗುವುದಿಲ್ಲ, ಹಾಗಾಗಿ ಫೆಲ್ಟ್ ಇರುವ ಒದ್ದೆ ಮಾದರಿಯ ಕ್ಲೀನಿಂಗ್ ಕ್ಯಾಸೆಟ್ ಅನುಕೂಲ. ಫೆಲ್ಟ್‌ಗಳ ಮೇಲೆ 3–4 ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು 20 ಸೆಕೆಂಡ್ ಓಡಿಸಿ, 10 ನಿಮಿಷ ಒಣಗಲು ಬಿಡಿ. ಮೊಬೈಲ್ ರಿಪೇರಿಯವರು ಬಳಸುವ ‘ಐಪಿಎ’ ಇದೇ. 99 ಶೇಕಡಾದ್ದನ್ನೇ ಕೇಳಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಅಂಟು ಬಿಡುತ್ತದೆ. ತೆಂಗಿನೆಣ್ಣೆಯನ್ನಂತೂ ದೂರವಿಡಿ. ಹಾಗೆ ಮಾಡುವವರಿದ್ದಾರೆ, ಅದಕ್ಕೇ ಹೇಳಬೇಕಾಯಿತು.

ರೀಲು ನುಂಗಿದರೆ

ರಬ್ಬರ್ ಪಿಂಚ್ ರೋಲರ್ ಮತ್ತು ಕ್ಯಾಪ್‌ಸ್ಟನ್ ಸೇರಿ ರೀಲನ್ನು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ಮುಂದೆ ದೂಡುತ್ತವೆ. ಬಂದದ್ದನ್ನು ಸುತ್ತಿಕೊಳ್ಳುವ ಕೆಲಸ ಟೇಕಪ್ ಚಕ್ರದ್ದು. ಅದರ ಬೆಲ್ಟ್ ಸಡಿಲವಾದರೆ ಚಕ್ರ ನಿಲ್ಲುತ್ತದೆ, ದೂಡುವುದು ಮಾತ್ರ ನಿಲ್ಲುವುದಿಲ್ಲ. ರೀಲು ಒಳಗೇ ಗುಡ್ಡೆಯಾಗಿ ರೋಲರ್‌ಗೆ ಸುತ್ತಿಕೊಳ್ಳುತ್ತದೆ. ಕೂಡಲೇ ಆಫ್ ಮಾಡಿ, ಕ್ಯಾಸೆಟ್ಟನ್ನು ಡೆಕ್‌ನ ಬಾಯಿಯವರೆಗೆ ತಂದು, ಟಾರ್ಚ್ ಹಿಡಿದು ರೀಲನ್ನು ಮೆಲ್ಲಗೆ ಬಿಡಿಸಿ. ಬರದಿದ್ದರೆ ಕತ್ತರಿ ಹಾಕಿ. ಹಿಗ್ಗಿದ ರೀಲು ಮತ್ತೆ ಸರಿಯಾಗದು, ಕತ್ತರಿಸಿದ್ದನ್ನು ಅಂಟಿಸಬಹುದು. ಎರಡೂ ತುದಿಗಳನ್ನು ಓರೆಯಾಗಿ ಕತ್ತರಿಸಿ, ಹೆಡ್‌ಗೆ ತಾಗದ ಬದಿಗೆ ರೀಲು ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪ್ ಹಚ್ಚಿ. ಮಾಮೂಲಿ ಸೆಲ್ಲೋ ಟೇಪ್ ಹಚ್ಚಿದರೆ ಸೆಖೆಗೆ ಅಂಟು ಹೊರಬಂದು ಪಕ್ಕದ ಸುತ್ತುಗಳಿಗೂ ಹಿಡಿಯುತ್ತದೆ. 5 ಸೆಂ.ಮೀ. ರೀಲು ಹೋದರೆ ನಷ್ಟ ಒಂದೇ ಸೆಕೆಂಡ್, ಅರ್ಥಧಾರಿಯ ಅರ್ಧ ಮಾತು.

ಬೆಲ್ಟ್ ಬದಲಿಸಲು ಸೆಟ್ ಹೊರಗೆ ತೆಗೆಯಲೇಬೇಕು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕೆಲವು ಕಂಪನಿ ಸೆಟ್‌ಗಳು ಕರೆಂಟು ಹೋಗಿ ಬಂದ ಮೇಲೆ ಕೋಡ್ ಕೇಳುತ್ತವೆ. ಅದು ಕೈಯಲ್ಲಿಲ್ಲದೆ ಬಿಚ್ಚಬೇಡಿ. ಹಳೆ ಬೆಲ್ಟ್ ಕೆಲವೊಮ್ಮೆ ಡಾಂಬರಿನಂತೆ ಕರಗಿರುತ್ತದೆ. ಪುಲ್ಲಿ, ಫ್ಲೈವೀಲ್‌ಗಳಿಂದ ಅದನ್ನು ಐಪಿಎ ಹಾಕಿ ಪೂರ್ತಿ ಒರೆಸದೆ ಹೊಸದು ಹಾಕಿದರೆ ಜಾರುತ್ತದೆ. ಹಳೆಯದು ತುಂಡಾಗದೆ ಸಿಕ್ಕಿದರೆ ಅದರ ಸುತ್ತಳತೆಗಿಂತ ಸುಮಾರು 5 ಶೇಕಡಾ ಚಿಕ್ಕದನ್ನು ಆರಿಸಿ. ತೀರಾ ಬಿಗಿಯಾದರೆ ಮೋಟರ್ ಬುಷ್ ಸವೆದು ಹಾಡು ಎಳೆದಾಡುತ್ತದೆ.

ಕಾರಿಗೆ 60, 90 ನಿಮಿಷದ ಸಿ-60, ಸಿ-90 ಕ್ಯಾಸೆಟ್ ಸಾಕು. ಸಿ-120ರ ರೀಲು ತೀರಾ ತೆಳು. ನುಂಗಿಸಿಕೊಳ್ಳುವುದರಲ್ಲಿ ಅದೇ ಮುಂದು.

ಬೂಷ್ಟು

ಕ್ಯಾಸೆಟ್‌ನ ಕಿಟಕಿಯಲ್ಲಿ ಸುತ್ತಿದ ರೀಲಿನ ಅಂಚಿಗೆ ಬಿಳಿ ಚುಕ್ಕೆ, ಹತ್ತಿಯಂಥ ಪದರ ಕಂಡರೆ ಅದನ್ನು ಡೆಕ್‌ಗೆ ಹಾಕಬೇಡಿ. ಸುತ್ತುಗಳು ಒಂದಕ್ಕೊಂದು ಅಂಟಿರುತ್ತವೆ, ಎಳೆದಾಗ ಹರಿಯುತ್ತವೆ; ಬೂಷ್ಟು ಹೆಡ್‌ಗೆ ಹತ್ತಿ ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ 100 ಗ್ರಾಂ ಜತೆ ಮೂರು ದಿನ ಇಡಿ. ಆಮೇಲೆ ಮೂಗಿಗೆ ಮಾಸ್ಕ್ ಕಟ್ಟಿ, ಮನೆ ಹೊರಗೆ ಕುಳಿತು, ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ ಒಣ ಮೆದು ಬ್ರಷ್‌ನಿಂದ ಅಂಚು ಒರೆಸಿ, ರೀಲುಗಳನ್ನು ಬೇರೆ ಕವಚಕ್ಕೆ ಹಾಕಿ. ಪೆನ್ಸಿಲ್ ತೂರಿಸಿ ಎರಡೂ ಕಡೆಗೆ ಒಂದೊಂದು ಸಲ ನಿಧಾನವಾಗಿ ಸುತ್ತಿ. ಬಿಸಿಲಿಗೆ ಇಟ್ಟರೆ ಕವಚ ಸೊಟ್ಟಗಾಗುತ್ತದೆ. ಅಪರೂಪದ ಧ್ವನಿಯಿದ್ದರೆ ಮೊದಲ ಸಲ ನುಡಿಸುವಾಗಲೇ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ, ಎರಡನೇ ಅವಕಾಶ ಸಿಗದೆ ಹೋಗಬಹುದು.

ಸಿಡಿ ಜಿಗಿದರೆ

ಯಾವಾಗ ಜಿಗಿಯುತ್ತದೆ ಎಂಬುದೇ ಉತ್ತರ ಹೇಳುತ್ತದೆ. ಒಂದೇ ಜಾಗದಲ್ಲಿ ಜಿಗಿದರೆ ಡಿಸ್ಕ್‌ಗೆ ಗೀರು ಬಿದ್ದಿದೆ. ಸಿಡಿಯನ್ನು ಒಳಗಿನಿಂದ ಅಂಚಿನ ಕಡೆಗೆ ಓದುವುದರಿಂದ ಕೊನೆಯ ಹಾಡುಗಳಲ್ಲಿ ಮಾತ್ರ ತೊಡಕಾದರೆ ಅಂಚಿನಲ್ಲಿ ಬೆರಳಚ್ಚು ಇರಬಹುದು, ಇಲ್ಲವೇ ಲೆನ್ಸ್ ಜಾರುವ ಹಳಿಯ ಗ್ರೀಸ್ ಒಣಗಿರಬಹುದು. ಶಿರಾಡಿ ಘಾಟಿಯ ಹೊಂಡಗಳಲ್ಲಿ ಮಾತ್ರ ಜಿಗಿದರೆ ಸೆಟ್‌ನ ಹಿಂಬದಿಯ ಬೋಲ್ಟ್ ನೋಡಿ. ಅದನ್ನು ಹಾಕದೆ ಬಿಟ್ಟರೆ ಇಡೀ ಸೆಟ್ ಕುಣಿಯುತ್ತದೆ. ಆಟಿಯ ಮಳೆಯಲ್ಲಿ ಬೆಳಿಗ್ಗೆ ಓದದೆ, ಅರ್ಧ ಗಂಟೆ ಬಿಟ್ಟು ತಾನಾಗಿ ಸರಿಹೋದರೆ ಲೆನ್ಸ್ ಮೇಲೆ ಮಂಜು ಕೂತಿತ್ತು ಅಷ್ಟೆ, ಅದಕ್ಕೆ ರಿಪೇರಿ ಬೇಡ.

ಡಿಸ್ಕ್ ಒರೆಸುವುದು ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತ ತಿರುಗಿಸಿ ಒರೆಸಿದರೆ ಹೊಸ ಗೀರು ಟ್ರ್ಯಾಕಿನುದ್ದಕ್ಕೂ ಬೀಳುತ್ತದೆ. ಹೆಸರು ಬರೆದಿರುವ ಬದಿ ಇನ್ನೂ ನಾಜೂಕು, ಮಾಹಿತಿಯ ಪದರ ಇರುವುದು ಅದರ ಕೆಳಗೇ. ಕಾಗದದ ಲೇಬಲ್ ಅಂಟಿಸಿದ ಡಿಸ್ಕ್ ಹಾಕಲೇಬೇಡಿ. ಸೆಖೆಗೆ ಲೇಬಲ್ ಎದ್ದು ಸ್ಲಾಟ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಡಿಸ್ಕ್‌ಗೆ ಚೂರಿ ತೂರಿಸುವ ಬದಲು ಫ್ಯೂಸ್ ತೆಗೆದು 5 ನಿಮಿಷ ಬಿಟ್ಟು ಮತ್ತೆ ಹಾಕಿ, ಎಜೆಕ್ಟ್ ಒತ್ತಿ. ಮುಚ್ಚಳ ಬಿಚ್ಚಿ ಓಡಿಸಿ ಲೆನ್ಸ್ ಇಣುಕಬೇಡಿ. 780 ನ್ಯಾನೊಮೀಟರ್ ಲೇಸರ್ ಕಣ್ಣಿಗೆ ಕಾಣಿಸುವುದಿಲ್ಲ, ಕಣ್ಣನ್ನು ಸುಡಬಲ್ಲದು.

ಸೆಟ್ ಪೂರ್ತಿ ಸತ್ತಿದ್ದರೆ ಹಿಂಬದಿಯ ಫ್ಯೂಸ್ ನೋಡಿ, ಸಾಮಾನ್ಯವಾಗಿ 10 ಆಂಪಿಯರ್. ಹೊರಗೆ ಹಾಕಿಸಿದ ಸೆಟ್‌ಗಳಲ್ಲಿ ಹೆಚ್ಚಾಗಿ ಹಳದಿ ವೈರ್ ನೇರ ಬ್ಯಾಟರಿಗೆ, ಕೆಂಪು ಕೀ ತಿರುಗಿಸಿದಾಗ, ಕಪ್ಪು ಅರ್ತ್. ಆಫ್ ಮಾಡಿದಾಗಲೆಲ್ಲ ಸ್ಟೇಷನ್ ಮರೆಯುತ್ತಿದ್ದರೆ ಕೀ ತೆಗೆದ ಮೇಲೆ ಹಳದಿಗೆ ಕರೆಂಟು ಬರುತ್ತಿಲ್ಲ. ಎಂಜಿನ್ ವೇಗದ ಜತೆ ಏರುವ ‘ಕುಂಯ್’ ಸದ್ದಿಗೆ ಹೆಚ್ಚಾಗಿ ಅರ್ತ್ ಕಾರಣ. ಮಲ್ಪೆ, ಪಣಂಬೂರು ಕಡೆ ಉಪ್ಪುಗಾಳಿಗೆ ಆ ಸ್ಕ್ರೂ ತುಕ್ಕು ಹಿಡಿದಿರುತ್ತದೆ, ಉಜ್ಜಿ ಬಿಗಿ ಮಾಡಿ. ಆಂಟೆನಾ ಕೇಬಲ್ ಗುಂಟ ಮಳೆನೀರು ಸೆಟ್‌ಗೇ ಇಳಿಯುವುದೂ ಉಂಟು. ಕೇಬಲ್ ಸೆಟ್ ಸೇರುವ ಮೊದಲು ಒಂದು ಸುತ್ತು ಕೆಳಕ್ಕೆ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮಳೆಗಾಲದಲ್ಲಿ ಕಾರು ಶೆಡ್ಡಿನಲ್ಲೇ ಇದ್ದರೂ ವಾರಕ್ಕೊಮ್ಮೆ ಹೊರಗೆ ತಂದು ಅರ್ಧ ಗಂಟೆ ಡೆಕ್ ಓಡಿಸಿ, ಕ್ಯಾಸೆಟ್‌ಗಳನ್ನು ಮಾತ್ರ ಕಾರಿನಲ್ಲಿ ಬಿಡದೆ ಮನೆಯ ಒಣ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ.